ಹಿತ್ತಿಲ ಗಿಡ: ಗರಗದ ಸೊಪ್ಪು

ಕಳೆದ ಸಂಚಿಕೆಯಲ್ಲಿ ದೊಡ್ಡಪತ್ರೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಂಡಿದ್ದೆನಷ್ಟೆ. ಈ ಸಲ ಅದಕ್ಕಿಂತಲೂ ಬಡತನದ ಒಂದು ಗಿಡವನ್ನು ಎತ್ತಿಕೊಂಡಿದ್ದೇನೆ. ದೊಡ್ಡಪತ್ರೆಯನ್ನಾದರೆ ಜನರು ಕುಂಡದಲ್ಲಿಟ್ಟು ನೀರೆರೆಯುವರು. ಇದಕ್ಕೆ ಆ ಮರ್ಯಾದೆಯೂ ಇಲ್ಲ. ಗದ್ದೆಯ ಬದುವಿನಲ್ಲಿಯೂ ಕಾಲುವೆಯ ಅಂಚಿನಲ್ಲಿಯೂ ಬಾವಿಕಟ್ಟೆಯ ತೇವದಲ್ಲಿಯೂ ತಾನಾಗಿ ಹುಟ್ಟಿ, ಹೂಬಿಟ್ಟು, ಕಳೆಯೆನಿಸಿಕೊಂಡು ಕೀಳಿಸಿಕೊಳ್ಳುವುದೇ ಇದರ ಬಾಳು. ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಯು ಯಾವ ಗಿಡವನ್ನು ನೋಡಿ ಹುಟ್ಟಿತೋ ತಿಳಿಯದು. ಈ ಗಿಡಕ್ಕೆ ಮಾತ್ರ ಅದು ಚೆನ್ನಾಗಿ ಒಪ್ಪುವುದು. ಇದನ್ನು ನಮ್ಮ ಸೀಮೆಯಲ್ಲಿ ಗರಗವೆಂದೂ ಗರುಗವೆಂದೂ ಕಾಡಿಗ್ಗರಗವೆಂದೂ ಕರೆಯುವರು. ಸಂಸ್ಕೃತದಲ್ಲಿ ಇದೇ ಭೃಂಗರಾಜ.

ಈ ಗಿಡದ ವಿಷಯವನ್ನು ಬರೆಯುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠಮಾಡಿದವನು ನಾನು. ಅದರ ವನೌಷಧಿವರ್ಗದಲ್ಲಿ ಮಾರ್ಕವವೆಂದರೂ ಭೃಂಗರಾಜವೆಂದರೂ ಒಂದೇ ಎಂದು ಹೇಳಿದೆ. ಅದನ್ನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಹೇಳಿಕೊಟ್ಟೆನು. ತಪ್ಪಿದವರನ್ನು ಗದರಿಸಿದ್ದೂ ಉಂಟು. ಆದರೆ ಆ ಗಿಡವು ಹೇಗಿರುವುದೆಂದು ನನ್ನನ್ನು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ನನಗೂ ಕೇಳಿಕೊಳ್ಳಬೇಕೆಂದು ತೋರಲಿಲ್ಲ.

ನಮ್ಮ ತಂದೆಯವರ ಶ್ರಾದ್ಧದ ದಿನ ದರ್ಭೆ, ಎಳ್ಳು, ತುಲಸಿಗಳ ಜೊತೆಗೆ ಗರಗದ ಎಲೆಯೂ ಬೇಕು. ಪಿತೃಕಾರ್ಯಕ್ಕೆ ಅದು ಪ್ರಿಯವೆಂದು ನಮ್ಮ ಮನೆಯಲ್ಲಿ ನಡೆದುಬಂದ ಪದ್ಧತಿ. ಪ್ರತಿವರ್ಷವೂ ನಮ್ಮ ತಾಯಿಯವರು ಬೆಳಗ್ಗೆ ಮಡಿಯುಟ್ಟು ಎಲ್ಲಿಗೋ ಹೋಗಿ ಒಂದು ಹಿಡಿ ಎಲೆಯನ್ನು ಬಾಳೆಯೆಲೆಯಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಎಲ್ಲಿಂದ ತಂದರು, ಅದನ್ನು ಹೇಗೆ ಗುರುತಿಸಿದರು ಎಂಬುದನ್ನು ನಾನು ಒಮ್ಮೆಯಾದರೂ ವಿಚಾರಿಸಿದವನಲ್ಲ. ಮಂತ್ರವು ನನ್ನ ಪಾಲು, ಎಲೆಯು ಅವರ ಪಾಲು ಎಂಬಂತೆ ಕಾಲವು ನಡೆಯಿತು.

ತಾಯಿಯವರು ತೀರಿಕೊಂಡ ಮೇಲೆ ಅವರ ಮೊದಲ ವರ್ಷದ ಶ್ರಾದ್ಧವು ಬಂದಿತು. ಪುರೋಹಿತರು ಬರೆದುಕೊಟ್ಟ ಪಟ್ಟಿಯಲ್ಲಿ ಭೃಂಗರಾಜಪತ್ರವೂ ಇದ್ದಿತು. ಪೇಟೆಯ ಹೂವಿನ ಅಂಗಡಿಯಲ್ಲಿ ಅದು ದೊರೆಯಲಿಲ್ಲ. ನನ್ನ ಮಗಳು ಮೊಬೈಲ್ ಫೋನಿನಲ್ಲಿ ಹುಡುಕಿ ಕೆಲವು ಚಿತ್ರಗಳನ್ನು ತೋರಿಸಿದಳು. ಕೆಲವುದರಲ್ಲಿ ಹೂವು ಬಿಳಿದಾಗಿಯೂ ಕೆಲವುದರಲ್ಲಿ ಹಳದಿಯಾಗಿಯೂ ಇದ್ದಿತು. ಹಳದಿಯ ಹೂವಿನ ಒಂದು ಬಳ್ಳಿಯು ರಸ್ತೆಯ ಪಕ್ಕದಲ್ಲಿ ದಟ್ಟವಾಗಿ ಹಬ್ಬಿದ್ದುದನ್ನು ನಾನು ದಿನವೂ ಕಾಣುತ್ತಿದ್ದೆನು. ಇದೇ ಇರಬೇಕೆಂದು ನಿಶ್ಚಯಿಸಿ ಒಂದು ಬುಟ್ಟಿಯ ತುಂಬ ಕಿತ್ತುಕೊಂಡು ಬಂದೆನು.

ಹಿತ್ತಿಲಿನಲ್ಲಿ ಅಡಕೆಯ ಹಾಳೆಗಳನ್ನು ಆರಿಸುತ್ತಿದ್ದ ಒಬ್ಬ ಮುದುಕಿಯು ನನ್ನ ಬುಟ್ಟಿಯನ್ನು ನೋಡಿದಳು. ಅವಳು ಬಹಳ ವರ್ಷಗಳಿಂದ ನಮ್ಮ ಮನೆಗೂ ಗದ್ದೆಗೂ ಕೆಲಸಕ್ಕೆ ಬರುತ್ತಿದ್ದವಳು.

"ಏನ್ ಮೇಷ್ಟ್ರೇ, ಇಷ್ಟೊಂದು ಬಳ್ಳಿ?"

"ಗರಗದ ಸೊಪ್ಪು ಕಣಮ್ಮ, ನಾಳೆಯ ಕಾರ್ಯಕ್ಕೆ."

ಅವಳು ಒಂದು ಎಲೆಯನ್ನು ಕಿತ್ತು ಅಂಗೈಯಲ್ಲಿ ಹೊಸಕಿ, ಸ್ವಲ್ಪ ಹೊತ್ತು ಬಿಟ್ಟು, ಅಂಗೈಯನ್ನು ನನ್ನ ಮುಂದೆ ಚಾಚಿದಳು. "ಇದು ಗರಗ ಅಲ್ಲ ಮೇಷ್ಟ್ರೇ. ಗರಗ ಆಗಿದ್ರೆ ಕೈ ಕಪ್ಪಾಗ್ಬೇಕಿತ್ತು."

"ಹಾಗಾದರೆ ಗರಗ ಎಲ್ಲಿ ಸಿಕ್ಕುತ್ತದೆ?"

ಅವಳು ಬಾವಿಕಟ್ಟೆಯ ಕಡೆಗೆ ನೋಡಿ ಮೆಲ್ಲಗೆ ಹೇಳಿದಳು: "ಅಲ್ಲೇ ಇತ್ತಲ್ಲ. ಅಮ್ಮಾವ್ರು ಇಟ್ಕೊಂಡಿದ್ರು. ಅವರು ಹಾಸಿಗೆ ಹಿಡ್ದಾಗ ನೀವೇ ಅಲ್ವಾ ಕಳೆ ಅಂತ ಕೀಳ್ಸಿದ್ದು?"

ನನಗೆ ನೆನಪಾಯಿತು. ತಾಯಿಯವರು ಕಾಯಿಲೆಯಾಗಿದ್ದಾಗ ಹಾವು ಹುಳುಗಳ ಭಯಕ್ಕಾಗಿ ಬಾವಿಕಟ್ಟೆಯ ಸುತ್ತಲೂ ಚೊಕ್ಕಟಮಾಡಿಸಿದ್ದೆನು. ಆಗ ಇವಳೇ ಒಂದು ಕಡೆ ಕೈ ತಡೆದು, "ಇದನ್ನೂ ಕೀಳ್ಲಾ?" ಎಂದು ಕೇಳಿದ್ದಳು. ಎಲ್ಲವನ್ನೂ ಕಿತ್ತುಹಾಕೆಂದು ನಾನು ಹೇಳಿದ್ದೆನು. ಒಳಗೆ ಮಲಗಿದ್ದ ತಾಯಿಯವರು ಆ ವಿಷಯವನ್ನು ನನ್ನೊಡನೆ ಎತ್ತಲೇ ಇಲ್ಲ. ಅವರಿಗೆ ತಿಳಿದಿತ್ತೋ ಇಲ್ಲವೋ ನಾನು ಅರಿಯೆ. ಮರುದಿನ ಪುರೋಹಿತರು ತುಲಸಿಯಿಂದಲೇ ಕಾರ್ಯವನ್ನು ಪೂರೈಸಿ, ಭಕ್ತಿಯೇ ಮುಖ್ಯವೆಂದು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಹೆಸರೆಲ್ಲವೂ ನನ್ನ ನಾಲಗೆಯ ಮೇಲಿದ್ದು, ಗಿಡವನ್ನು ಬಲ್ಲವರು ಮನೆಯಲ್ಲಿದ್ದಾಗ ಕೇಳಿ ತಿಳಿಯಲಿಲ್ಲ. ಅವರು ಬೆಳೆಸಿದುದನ್ನು ನಾನೇ ಕೀಳಿಸಿದೆನು. ಅಂದಿನಿಂದ ಈ ಗಿಡವನ್ನು ಅರಿಯುವುದಕ್ಕೂ ಬೆಳೆಸುವುದಕ್ಕೂ ತೊಡಗಿದೆನು. ಅದರಿಂದ ತಿಳಿದುಬಂದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಇದರ ಗುರುತನ್ನು ಹೇಳುವೆನು. ಗರಗವು ಒಂದು ಮೊಳದವರೆಗೆ ನೆಟ್ಟಗೆ ಬೆಳೆಯುವುದು, ಇಲ್ಲವೆ ನೆಲದ ಮೇಲೆ ಒರಗಿಕೊಂಡು ಹಬ್ಬುವುದು. ಕಾಂಡವು ಹಲವುವೇಳೆ ಕೆಂಪು ಅಥವಾ ನೇರಿಳೆಯ ಛಾಯೆಯುಳ್ಳದ್ದು. ಅದರ ಗಿಣ್ಣುಗಳು ನೆಲಕ್ಕೆ ತಾಗಿದಲ್ಲಿ ಬೇರು ಬಿಡುವುವು. ಎಲೆಗಳು ಒಂದಕ್ಕೊಂದು ಎದುರಾಗಿ, ತೊಟ್ಟು ಇಲ್ಲವೆಂಬಷ್ಟು ಗಿಡ್ಡವಾಗಿ, ಈಟಿಯ ಮೊನೆಯಂತೆ ನೀಳವಾಗಿ, ಎರಡು ಮೂರು ಅಂಗುಲ ಉದ್ದವಿರುವುವು. ಕಾಂಡದ ಮೇಲೆಯೂ ಎಲೆಯ ಮೇಲೆಯೂ ಒತ್ತಿಕೊಂಡಿರುವ ಬಿಳಿಯ ಬಿರುಸು ರೋಮಗಳಿರುವುದರಿಂದ ಸವರಿದರೆ ತರಿತರಿಯಾಗಿರುವುದು. ಹೂವು ಬಿಳಿದು, ಅರ್ಧ ಅಂಗುಲಕ್ಕೂ ಕಡಿಮೆ ಅಗಲ.

ಹೂವೆಂದೆನಷ್ಟೆ, ಆದರೆ ಅದು ಒಂದು ಹೂವಲ್ಲ, ಹೂವುಗಳ ಒಂದು ಸಭೆ. ಸೇವಂತಿಗೆ, ಚೆಂಡುಹೂವು, ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳು ಇವುಗಳೆಲ್ಲವೂ ಈ ಗಿಡದ ಬಂಧುಗಳು. ಸಸ್ಯಶಾಸ್ತ್ರಜ್ಞರು ಈ ಕುಟುಂಬವನ್ನು ಆಸ್ಟರೇಸೀ ಎಂದು ಕರೆಯುವರು. ಈ ಕುಟುಂಬದಲ್ಲಿ ನಾವು ಹೂವೆಂದು ಕೀಳುವುದು ಒಂದು ತಟ್ಟೆಯ ಮೇಲೆ ಒತ್ತಾಗಿ ಕುಳಿತ ಅನೇಕ ಕಿರುಹೂವುಗಳ ಗುಂಪು. ಗರಗದ ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ಸುತ್ತಲೂ ಎರಡು ಸಾಲಾಗಿ ಬಿಳಿಯ ಸಣ್ಣ ಎಸಳುಗಳು ಕಾಣುವುವು. ಅವು ಒಂದೊಂದೂ ಒಂದು ಹೆಣ್ಣು ಹೂವು. ನಡುವೆ ಕೊಳವೆಯಂತೆ ಇರುವವುಗಳಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುವುವು. ಎಸಳುಗಳು ಉದುರಿದ ಮೇಲೆ ಹಸಿರು ಬಟ್ಟಲಿನಲ್ಲಿ ಬೀಜಗಳು ಒತ್ತಾಗಿ ಜೋಡಿಸಿದಂತೆ ಕುಳಿತಿರುವುದನ್ನು ನೋಡಿದರೆ, ಸೂರ್ಯಕಾಂತಿಯ ತಲೆಯನ್ನೇ ಕುಗ್ಗಿಸಿ ಮಾಡಿದಂತೆ ತೋರುವುದು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಇದನ್ನು ತೋರಿಸಬೇಕು. ಪುಸ್ತಕದ ಚಿತ್ರವು ಕಲಿಸದಿರುವುದನ್ನು ಇದು ಕಲಿಸುವುದು.

ಈ ಎಲ್ಲ ಗುರುತುಗಳಿಗೂ ಮಿಗಿಲಾದ ಗುರುತೆಂದರೆ ಆ ಮುದುಕಿಯು ಹೇಳಿದುದೇ. ಎಲೆಯನ್ನೋ ಎಳೆಯ ಕಾಂಡವನ್ನೋ ಹೊಸಕಿದರೆ ಮೊದಲು ರಸವು ಹಸಿರಾಗಿರುವುದು. ಗಾಳಿಯು ತಗುಲಿದ ಸ್ವಲ್ಪ ಹೊತ್ತಿಗೆ ಕಪ್ಪಾಗುವುದು. ಬೆರಳಿಗೆ ಹತ್ತಿದ ಬಣ್ಣವು ಸುಲಭವಾಗಿ ಹೋಗದು. ಹಿಂದೆ ಹಚ್ಚೆ ಹಾಕುವವರು ಸೂಜಿಯಿಂದ ಚುಚ್ಚಿದ ಮೇಲೆ ಇದರ ರಸವನ್ನು ತೊಡೆಯುತ್ತಿದ್ದುದೂ ಈ ಕಪ್ಪಿಗಾಗಿಯೇ.

ನಮ್ಮವರು ಈ ಗಿಡಕ್ಕೆ ಇಟ್ಟ ಹೆಸರುಗಳೆಲ್ಲವೂ ಈ ಕಪ್ಪಿನ ಸುತ್ತಲೇ ತಿರುಗುವುವು. ಭೃಂಗವೆಂದರೆ ದುಂಬಿ, ದುಂಬಿಯ ಕಪ್ಪನ್ನು ನೆನಪಿಗೆ ತರುವ ಹೆಸರು ಭೃಂಗರಾಜ. ಕೇಶರಾಜ, ಕೇಶರಂಜನ ಎಂಬ ಹೆಸರುಗಳು ಕೂದಲಿಗೆ ಇದನ್ನು ಬಳಸುತ್ತಿದ್ದುದನ್ನು ಹೇಳುವುವು. ಕನ್ನಡದ ಕಾಡಿಗ್ಗರಗವೆಂಬ ಹೆಸರಿನಲ್ಲಿ ಕಾಡಿಗೆಯೇ ಕುಳಿತಿದೆ. ಪಾಶ್ಚಾತ್ಯರ ಹೆಸರಿನ ಕಥೆಯು ಬೇರೆ. ಸ್ವೀಡನ್ ದೇಶದ ಲಿನೇಯಸನು 1753ರಲ್ಲಿ ಇದನ್ನು ಇನ್ನೊಂದು ಕುಲಕ್ಕೆ ಸೇರಿಸಿದ್ದು, 1771ರಲ್ಲಿ ಎಕ್ಲಿಪ್ಟಾ ಎಂಬ ಕುಲಕ್ಕೆ ತಂದನು. ಈಗ ಇದರ ಶಾಸ್ತ್ರೀಯ ನಾಮವು ಎಕ್ಲಿಪ್ಟಾ ಪ್ರೊಸ್ಟ್ರೇಟಾ. ಹಳೆಯ ಪುಸ್ತಕಗಳಲ್ಲಿ ಎಕ್ಲಿಪ್ಟಾ ಆಲ್ಬಾ ಎಂದಿರುವುದೂ ಇದೇ. ಎಕ್ಲಿಪ್ಟಾ ಎಂಬುದು ಕೊರತೆಯೆಂಬ ಅರ್ಥದ ಗ್ರೀಕ್ ಮಾತಿನಿಂದ ಬಂದುದು. ಈ ಕುಟುಂಬದ ಅನೇಕ ಗಿಡಗಳ ಬೀಜಕ್ಕೆ ಗಾಳಿಯಲ್ಲಿ ಹಾರಲು ರೇಷ್ಮೆಯಂತಹ ಕುಚ್ಚು ಇರುವುದು. ಗರಗದ ಬೀಜಕ್ಕೆ ಅದಿಲ್ಲ. ಒಬ್ಬರು ಗಿಡದಲ್ಲಿ ಇಲ್ಲದ್ದನ್ನು ನೋಡಿ ಹೆಸರಿಟ್ಟರು; ಇನ್ನೊಬ್ಬರು ಅದು ಕೈಯಲ್ಲಿ ಏನು ಮಾಡುವುದೆಂಬುದನ್ನು ನೋಡಿ ಹೆಸರಿಟ್ಟರು. ಎರಡೂ ನೋಟಗಳು ಬೇಕಾದುವೇ.

ಇಲ್ಲಿ ಒಂದು ಹಳೆಯ ಸಂಗತಿಯು ಸ್ಮರಣೀಯವಾಗಿದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡನೆಂಬುವನು ಮಲಬಾರಿನ ಗಿಡಮರಗಳನ್ನು ಕುರಿತು ಹೋರ್ಟಸ್ ಮಲಬಾರಿಕಸ್ ಎಂಬ ಗ್ರಂಥವನ್ನು ಸಿದ್ಧಪಡಿಸಿದನು. ಅದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಮಲೆಯಾಳಿಗಳು ಕಯ್ಯೋನ್ನಿಯೆಂದು ಕರೆಯುವ ನಮ್ಮ ಗರಗವೂ ಅದರಲ್ಲಿದೆ. ಆ ಕಾರ್ಯದಲ್ಲಿ ಅವನಿಗೆ ನೆರವಾದವರಲ್ಲಿ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವಿದ್ವಾಂಸರೂ, ಇಟ್ಟಿ ಅಚ್ಯುತನೆಂಬ ಈಳವ ವೈದ್ಯನೂ ಇದ್ದರು. ವಿದ್ವಾಂಸರ ಕೈಯಲ್ಲಿ ನಿಘಂಟು. ವೈದ್ಯನ ಬಳಿ ಮನೆತನದಿಂದ ಬಂದ ಗಿಡಗಳ ಅನುಭವ. ಇಬ್ಬರ ಪ್ರಮಾಣಪತ್ರಗಳೂ ಮೊದಲ ಸಂಪುಟದಲ್ಲಿ ಅಚ್ಚಾಗಿವೆ. ನಿಘಂಟು ಮತ್ತು ಕೈಯರಿವು ಎರಡೂ ಸೇರಿದುದರಿಂದಲೇ ಆ ಗ್ರಂಥವು ಇಂದಿಗೂ ಬಾಳಿದೆ. ನಮ್ಮ ಮನೆಯಲ್ಲಿ ಅವೆರಡೂ ಒಂದೇ ಸೂರಿನ ಕೆಳಗಿದ್ದು ಒಂದನ್ನೊಂದು ಮಾತನಾಡಿಸಲಿಲ್ಲ.

ಇನ್ನು ಗರಗದ ಹೆಸರಿನಲ್ಲಿ ಮೋಸಹೋಗುವುದಕ್ಕೆ ಕಾರಣವಾಗುವ ಗಿಡಗಳನ್ನು ಹೇಳಬೇಕು. ಮೊದಲನೆಯದು ಹಳದಿ ಗರಗ. ನಿಘಂಟುಕಾರರು ಭೃಂಗರಾಜದಲ್ಲಿ ಬಿಳಿ, ಹಳದಿ, ನೀಲಿ ಎಂಬ ಭೇದಗಳನ್ನು ಎಣಿಸಿರುವರು. ಅವುಗಳಲ್ಲಿ ಪೀತಭೃಂಗರಾಜವೆಂದು ವೈದ್ಯರು ಬಳಸುವ ಈ ಗಿಡವೂ ಔಷಧದ ಗಿಡವೇ. ಬಿಳಿಯದರ ಹತ್ತಿರದ ಬಂಧು. ಎರಡನೆಯದು, ನಾನು ಬುಟ್ಟಿಯಲ್ಲಿ ತಂದದ್ದು. ಇದು ಅಮೆರಿಕದ ಉಷ್ಣಪ್ರದೇಶದಿಂದ ಅಲಂಕಾರಕ್ಕಾಗಿ ಬಂದ ಬಳ್ಳಿ. ಎಲೆಯು ದಪ್ಪವಾಗಿ ಹೊಳೆಯುತ್ತ ಮೂರು ಭಾಗವಾಗಿ ಸೀಳಿದಂತಿರುವುದು. ಹೂವು ಹಳದಿ, ಅಂಗುಲದಷ್ಟು ಅಗಲ. ಉದ್ಯಾನಗಳಿಂದ ತಪ್ಪಿಸಿಕೊಂಡು ಬೇರೆ ಗಿಡಗಳನ್ನು ಮುಚ್ಚಿಹಾಕುವ ಇದು ಲೋಕದ ನೂರು ಅತಿ ದುಷ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದೆ. ಇದನ್ನು ಪೀತಭೃಂಗರಾಜವೆಂದು ಭ್ರಮಿಸಿ ಎಣ್ಣೆ ಕಾಯಿಸುವವರೂ ಇದ್ದಾರೆ. ಮೂರನೆಯದು ಒಣನೆಲದಲ್ಲಿ ಎಲ್ಲೆಲ್ಲಿಯೂ ಕಾಣುವ, ಕೆಲವರು ಗಬ್ಬು ಸೇವಂತಿಗೆಯೆಂದು ಕರೆಯುವ ಗಿಡ. ಇದೂ ಅಮೆರಿಕದಿಂದ ಬಂದುದೇ. ಇದರ ಹೂವು ಒಂದು ಗೇಣು ಉದ್ದದ ಬರಿಯ ಕಡ್ಡಿಯ ತುದಿಯಲ್ಲಿ ಒಂಟಿಯಾಗಿ ನಿಲ್ಲುವುದು. ನಡುವೆ ಹಳದಿ, ಸುತ್ತಲೂ ತುದಿಯಲ್ಲಿ ಹಲ್ಲುಗಳುಳ್ಳ ಕೆಲವೇ ಎಸಳುಗಳು. ಬೀಜಕ್ಕೆ ಹಾರುವ ಕುಚ್ಚು ಉಂಟು. ಎಲೆಯನ್ನು ಹೊಸಕಿ ಕಪ್ಪನ್ನು ನೋಡುವುದೂ, ಹೂವಿನ ಬಣ್ಣವನ್ನು ನೋಡುವುದೂ, ಬೀಜದ ತಲೆಯಲ್ಲಿ ಕುಚ್ಚು ಇಲ್ಲದಿರುವುದನ್ನು ನೋಡುವುದೂ, ಈ ಮೂರನ್ನು ಒಟ್ಟಿಗೆ ಮಾಡಿದರೆ ತಪ್ಪಾಗುವುದಿಲ್ಲ.

ಗದ್ದೆಯಲ್ಲಿ ಬೇಕಾದಷ್ಟು ಬೆಳೆಯುವುದನ್ನು ಮನೆಯಲ್ಲಿ ಏಕೆ ಬೆಳೆಸಬೇಕೆಂದು ಕೆಲವರು ಕೇಳಬಹುದು. ಮೊದಲ ಕಾರಣವು ಶುಚಿತ್ವ. ಗರಗವು ತೇವವನ್ನು ಹುಡುಕಿಕೊಂಡು ಹೋಗುವ ಗಿಡ. ಇಂದು ಊರಿನ ತೇವವೆಂದರೆ ಬಹುಮಟ್ಟಿಗೆ ಚರಂಡಿಯ ತೇವ. ಅಲ್ಲಿ ಬೆಳೆದ ಗಿಡವು ಆ ನೀರಿನಲ್ಲಿ ಏನಿದೆಯೋ ಅದನ್ನೇ ಕುಡಿದಿರುವುದು. ಗದ್ದೆಯ ಬದುವಿನಲ್ಲಿರುವುದಕ್ಕೆ ಕಳೆನಾಶಕ, ಕೀಟನಾಶಕಗಳ ಸೋಂಕು ತಗುಲಿರಬಹುದು. ನೋಡುವುದಕ್ಕೆ ಎಲೆಯು ಹಸಿರಾಗಿಯೇ ಇರುವುದರಿಂದ ಕಣ್ಣಿಗೆ ಇದು ತಿಳಿಯದು. ಎರಡನೆಯ ಕಾರಣವನ್ನು ಮೇಲೆಯೇ ಹೇಳಿದೆನು: ಮನೆಯ ಬಾಗಿಲಿನಲ್ಲಿ ಇಲ್ಲದ ಗಿಡದ ಗುರುತು ಒಂದೇ ತಲೆಮಾರಿನಲ್ಲಿ ಅಳಿಸಿಹೋಗುವುದು.

ಬೆಳೆಸುವ ಕ್ರಮವು ಬಹಳ ಸುಲಭ. ಬೀಜದಿಂದಲೂ ಬೆಳೆಸಬಹುದು, ಕಡ್ಡಿಯಿಂದಲೂ ಬೆಳೆಸಬಹುದು. ಬೀಜ ಬೇಕಾದವರು ಹೂವಿನ ಬಟ್ಟಲು ಬಲಿತು ಕಂದುಬಣ್ಣಕ್ಕೆ ತಿರುಗಿದ ಮೇಲೆ ಬೆರಳಿನಿಂದ ಉಜ್ಜಿ ಉದುರಿಸಿಕೊಂಡು ನೆರಳಿನಲ್ಲಿ ಒಣಗಿಸಿ ಇಟ್ಟುಕೊಳ್ಳಬೇಕು. ಬೀಜವು ಬಹಳ ಸಣ್ಣದಾದುದರಿಂದ ಅದಕ್ಕೆ ಹತ್ತರಷ್ಟು ನಯವಾದ ಮರಳನ್ನು ಬೆರಸಿ, ಅಗಲವಾದ ತಟ್ಟೆಯಲ್ಲಿಯೋ ಮಡಿಯಲ್ಲಿಯೋ ತೆಳ್ಳಗೆ ಎರಚಬೇಕು. ಇಲ್ಲಿ ಒಂದು ಮುಖ್ಯವಾದ ಸಂಗತಿಯುಂಟು. ಗರಗದ ಬೀಜವು ಮೊಳೆಯುವುದಕ್ಕೆ ಬೆಳಕು ಬೇಕು. ಆದುದರಿಂದ ಬಿತ್ತಿದ ಮೇಲೆ ಮಣ್ಣನ್ನು ಮುಚ್ಚಬಾರದು. ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ನಾನು ಮೊದಲ ಸಲ ರಾಗಿಗೆ ಮುಚ್ಚಿದಂತೆ ಮಣ್ಣು ಮುಚ್ಚಿ ಇಪ್ಪತ್ತು ದಿನ ಕಾದೆನು. ಒಂದು ಮೊಳಕೆಯೂ ಏಳಲಿಲ್ಲ. ಎರಡನೆಯ ಸಲ ಮೇಲೆಯೇ ಎರಚಿದಾಗ ವಾರ ಹತ್ತು ದಿನಗಳಲ್ಲಿ ಮಡಿಯು ಹಸಿರಾಯಿತು. ಚೊಂಬಿನಿಂದ ನೀರು ಸುರಿದರೆ ಬೀಜವು ಕೊಚ್ಚಿಹೋಗುವುದರಿಂದ ಕೈಯಿಂದ ಚಿಮುಕಿಸಬೇಕು.

ಸಸಿಯು ನಾಲ್ಕಾರು ಎಲೆಗಳಾದಾಗ ಕಿತ್ತು, ಒಂದು ಗೇಣಿಗೊಂದರಂತೆ ನಡಬೇಕು. ಕುಂಡವಾದರೆ ಆಳಕ್ಕಿಂತ ಅಗಲವು ಹೆಚ್ಚಾಗಿರುವುದು ಮೇಲು. ಕೊಂಬೆಗಳು ಒರಗಿ ಬೇರು ಬಿಡಲು ಸ್ಥಳ ಸಿಕ್ಕುವುದು. ಮಣ್ಣು ಎರಡು ಪಾಲು, ಹಳೆಯ ಕೊಟ್ಟಿಗೆಗೊಬ್ಬರ ಒಂದು ಪಾಲು ಸಾಕು. ಬಿಸಿಲಿನಲ್ಲಿಯೂ ಅರೆನೆರಳಿನಲ್ಲಿಯೂ ಇದು ಬೆಳೆಯುವುದು. ನೀರು ಮಾತ್ರ ತಪ್ಪಬಾರದು. ನೀರು ಕಾಣದಿದ್ದರೆ ಎಲೆಯು ಚಿಕ್ಕದಾಗಿ, ಗಿಡವು ಬೇಗನೆ ಬೀಜಕ್ಕೆ ತಿರುಗುವುದು. ಕಡ್ಡಿಯಿಂದ ಬೆಳೆಸುವವರು ಗಿಣ್ಣಿನಲ್ಲಿ ಬೇರು ಬಿಟ್ಟಿರುವ ತುಂಡನ್ನು ಕತ್ತರಿಸಿ ಒದ್ದೆ ಮಣ್ಣಿನಲ್ಲಿ ಊರಿದರೆ ಕೆಲವೇ ದಿನಗಳಲ್ಲಿ ಚಿಗುರುವುದು. ಮಳೆಗಾಲದ ಮೊದಲು ಇದಕ್ಕೆ ಒಳ್ಳೆಯ ಕಾಲ. ನೀರಿನ ಅನುಕೂಲವಿದ್ದರೆ ಬೇಸಗೆಯಲ್ಲಿಯೂ ಅಡ್ಡಿಯಿಲ್ಲ.

ನಟ್ಟ ಎರಡು ತಿಂಗಳ ಆಸುಪಾಸಿನಲ್ಲಿ ಗಿಡವು ತುಂಬಿ ಹೂವು ಬಿಡುವುದು. ಕೊಯ್ಯುವುದಕ್ಕೆ ಅದೇ ತಕ್ಕ ಕಾಲ. ಬೇರುಸಹಿತ ಕೀಳಬಾರದು. ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುವುದು. ಒಣಗಿಸಿ ಇಡುವವರು ಚೆನ್ನಾಗಿ ತೊಳೆದು ನೀರು ಬಸಿದ ಮೇಲೆ ನೆರಳಿನಲ್ಲಿ ತೆಳ್ಳಗೆ ಹರಡಬೇಕು. ದಪ್ಪವಾಗಿ ಗುಡ್ಡೆ ಹಾಕಿದರೆ ಬೂಷ್ಟು ಹಿಡಿಯುವುದು. ಒಣಗಿದ ಎಲೆಯು ಕಪ್ಪಾಗಿ ಕಂಡರೆ ಕೆಟ್ಟಿತೆಂದು ಎಸೆಯಬೇಡಿರಿ. ಅದು ಅದರ ಸ್ವಭಾವ. ಒಂದು ಎಚ್ಚರಿಕೆಯನ್ನೂ ಹೇಳಿಬಿಡುವೆನು: ಇದು ಬತ್ತದ ಗದ್ದೆಯಲ್ಲಿ ರೈತನಿಗೆ ಕಾಟಕೊಡುವ ಕಳೆಯೆಂಬುದು ಸುಳ್ಳಲ್ಲ. ಬೀಜಕ್ಕಾಗಿ ಎರಡು ಮೂರು ತಲೆಗಳನ್ನು ಬಿಟ್ಟು ಮಿಕ್ಕವನ್ನು ಬಲಿಯುವ ಮುನ್ನ ಚಿವುಟದಿದ್ದರೆ, ಮರುವರ್ಷ ತರಕಾರಿಯ ಮಡಿಯೆಲ್ಲವೂ ಗರಗವೇ ಆಗುವುದು.

ಇನ್ನು ಉಪಯೋಗ. ಮನೆಗಳಲ್ಲಿ ಹೆಚ್ಚಾಗಿ ಮಾಡುವುದು ತಲೆಗೆ ಹಚ್ಚುವ ಎಣ್ಣೆ. ಎಣ್ಣೆ ತುಪ್ಪಗಳನ್ನು ಪಾಕಮಾಡುವುದಕ್ಕೆ ಶಾರ್ಙ್ಗಧರ ಸಂಹಿತೆಯು ಹೇಳುವ ಸಾಮಾನ್ಯ ಪ್ರಮಾಣವೆಂದರೆ ಅರೆದ ಮೂಲಿಕೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ದ್ರವ ಹದಿನಾರು ಪಾಲು. ಮನೆಯ ಮಟ್ಟಿಗೆ 100 ಮಿಲಿಲೀಟರ್ ಎಳ್ಳೆಣ್ಣೆ ಅಥವಾ ಕೊಬ್ಬರಿಯೆಣ್ಣೆಗೆ 400 ಮಿಲಿಲೀಟರ್ ಗರಗದ ರಸ, 25 ಗ್ರಾಂ ಅರೆದ ಸೊಪ್ಪು. ರಸವು ನೊರೆಯಾಗಿ ಉಕ್ಕುವುದರಿಂದ ಪಾತ್ರೆಯು ದಪ್ಪತಳದ್ದಾಗಿ, ಅರ್ಧಕ್ಕಿಂತ ಹೆಚ್ಚು ತುಂಬದಷ್ಟು ದೊಡ್ಡದಾಗಿರಬೇಕು. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿರಬೇಕು. ನೀರಿನ ಅಂಶವು ಹೋದುದನ್ನು ತಿಳಿಯುವುದಕ್ಕೆ ಹಿರಿಯರು ಹೇಳಿದ ಪರೀಕ್ಷೆಯು ಇಂದಿಗೂ ಸೊಗಸಾದುದು: ತಳದ ಗಸಿಯನ್ನು ಸ್ವಲ್ಪ ತೆಗೆದು, ಆರಿದ ಮೇಲೆ ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗಬೇಕು, ಆ ಬತ್ತಿಯನ್ನು ದೀಪಕ್ಕೆ ಹಿಡಿದರೆ ಚಟಪಟ ಶಬ್ದವಿಲ್ಲದೆ ಉರಿಯಬೇಕು. ಶಬ್ದವಾದರೆ ನೀರು ಉಳಿದಿದೆ. ಅಂತಹ ಎಣ್ಣೆಯು ಬೇಗ ಕೆಡುವುದು. ಪಾಕವಾದಾಗ ಎಣ್ಣೆಯ ಮೇಲೆ ನೊರೆ ಏಳುವುದು. ತುಪ್ಪದಲ್ಲಿ ಇದಕ್ಕೆ ವಿರುದ್ಧವಾಗಿ ನೊರೆ ಅಡಗುವುದು. ಸೋಸಿ, ಆರಿಸಿ, ಗಾಜಿನ ಸೀಸೆಯಲ್ಲಿ ಇಡತಕ್ಕದ್ದು.

ಇದರಿಂದ ನರೆಯು ಕಪ್ಪಾಗುವುದೇ ಎಂದು ಕೇಳುವವರಿಗೆ ನನ್ನ ತಲೆಯೇ ಉತ್ತರ. ನಾಲ್ಕು ವರ್ಷಗಳಿಂದ ಈ ಎಣ್ಣೆಯನ್ನು ಹಚ್ಚುತ್ತಿದ್ದೇನೆ. ತಲೆಯು ತಂಪಾಗಿರುವುದು, ಕೂದಲು ಬೆಳ್ಳಗೇ ಇರುವುದು. ವಿಜ್ಞಾನಿಗಳು ಈ ಗಿಡವನ್ನು ಕಡೆಗಣಿಸಿಲ್ಲ. ಮದರಾಸಿನ ಟಿ. ಆರ್. ಗೋವಿಂದಾಚಾರಿ ಮತ್ತು ಅವರ ಸಂಗಡಿಗರು ಪೀತಭೃಂಗರಾಜದಿಂದ ವೆಡೆಲೋಲ್ಯಾಕ್ಟೋನ್ ಎಂಬ ದ್ರವ್ಯವನ್ನು ಬೇರ್ಪಡಿಸಿ ಅದರ ರಚನೆಯನ್ನು 1956ರಲ್ಲಿ ಪ್ರಕಟಿಸಿದರು. ಅದೇ ದ್ರವ್ಯವು ಬಿಳಿಯ ಗರಗದಲ್ಲಿಯೂ ಇರುವುದು. ಹಿಂದಿನವರು ಎರಡನ್ನೂ ಒಂದೇ ಹೆಸರಿನಿಂದ ಕರೆದುದು ಬರಿಯ ಭ್ರಾಂತಿಯಲ್ಲವೆಂದು ಇದರಿಂದ ತೋರುವುದು. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗರಗದ ಸಾರವನ್ನು ಹಚ್ಚಿದ ಇಲಿಗಳಲ್ಲಿ ರೋಮವು ಬೇಗ ಬೆಳೆಯಿತು. ಆದರೆ ಇಲಿಯ ಮೈಯಲ್ಲಿ ಕಂಡುದು ಮನುಷ್ಯನ ತಲೆಯಲ್ಲಿ ಹಾಗೆಯೇ ನಡೆಯುವುದೆಂದು ಹೇಳುವುದಕ್ಕೆ ಅದೊಂದೇ ಸಾಲದು. ಆದುದರಿಂದ ಮೂರು ವಾರಗಳಲ್ಲಿ ಮೊಳಕಾಲುದ್ದದ ಕೂದಲನ್ನು ತೋರಿಸುವ ಜಾಹೀರಾತುಗಳನ್ನು ನಂಬಿ ಹಣವನ್ನು ಕಳೆದುಕೊಳ್ಳಬಾರದೆಂದು ನನ್ನ ವಿಜ್ಞಾಪನೆ.

ಒಳಕ್ಕೆ ಸೇವಿಸುವ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆಯು ಬೇಕು. ಕಾಮಾಲೆಗೆ ಇದರ ರಸವನ್ನು ಕುಡಿಸುವ ರೂಢಿಯು ಹಳ್ಳಿಗಳಲ್ಲಿದೆ. ಕಾಮಾಲೆಯು ಹಲವು ರೋಗಗಳ ಲಕ್ಷಣ; ಅವುಗಳಲ್ಲಿ ಕೆಲವು ಪ್ರಾಣಾಂತಿಕ. ಕಣ್ಣು ಹಳದಿಯಾದ ಕೂಡಲೆ ರಕ್ತಪರೀಕ್ಷೆಮಾಡಿಸಿ ವೈದ್ಯರನ್ನು ಕಾಣಬೇಕೇ ಹೊರತು ಸೊಪ್ಪಿನ ರಸದಲ್ಲಿ ದಿನಗಳನ್ನು ಕಳೆಯಬಾರದು. ಗರ್ಭಿಣಿಯರೂ ಬೇರೆ ಔಷಧಗಳನ್ನು ಸೇವಿಸುವವರೂ ವೈದ್ಯರ ಮಾತಿಲ್ಲದೆ ಇದನ್ನು ಕುಡಿಯಬಾರದು.

ಕಾಡಿಗೆಯ ವಿಷಯವನ್ನು ಹೇಳದಿದ್ದರೆ ಲೇಖನವು ಪೂರ್ತಿಯಾಗದು. ನಮ್ಮ ತಾಯಿಯವರು ಬಿಳಿಯ ಹಳೆಯ ಬಟ್ಟೆಯನ್ನು ಗರಗದ ರಸದಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸುವರು. ಹಾಗೆ ಹಲವು ಸಲ ಮಾಡಿ, ಅದನ್ನು ಬತ್ತಿಯಾಗಿ ಹೊಸೆದು ಹರಳೆಣ್ಣೆಯ ದೀಪದಲ್ಲಿ ಉರಿಸುವರು. ಮೇಲೆ ಕವುಚಿಟ್ಟ ತಟ್ಟೆಯಲ್ಲಿ ಕಟ್ಟಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲಸಿದರೆ ಕಾಡಿಗೆಯಾಯಿತು. ಹಸುಳೆಗಳ ಕಣ್ಣಿಗೆ ಯಾವ ಕಾಡಿಗೆಯನ್ನೂ ಹಚ್ಚಬಾರದೆಂದು ಈಗಿನ ವೈದ್ಯರು ಹೇಳುವರು. ಆ ಮಾತು ಸರಿಯಾದುದು. ದೃಷ್ಟಿಬೊಟ್ಟಿಗೆ ಕೆನ್ನೆಯಿರುವಾಗ ಕಣ್ಣೇಕೆ? ಆ ಕಾಡಿಗೆಯ ತಟ್ಟೆಯು ನಮ್ಮ ಮನೆಯಲ್ಲಿ ಈಗಲೂ ಇದೆ. ಅದರ ನಡುವಿನ ಕರೆಯನ್ನು ತಿಕ್ಕಿ ತೆಗೆಯಬಾರದೆಂದು ಹೇಳಿದ್ದೇನೆ.

ತಾಯಿಯವರ ಎರಡನೆಯ ವರ್ಷದ ಶ್ರಾದ್ಧದ ಹೊತ್ತಿಗೆ ಬಾವಿಕಟ್ಟೆಯ ಬಳಿ ಗರಗವು ಮತ್ತೆ ಎದ್ದಿತ್ತು. ಅದರ ಮೊದಲ ಕಡ್ಡಿಯನ್ನು ತನ್ನ ಕೇರಿಯ ಹಿಂದಿನ ಗದ್ದೆಯ ಬದುವಿನಿಂದ ತಂದುಕೊಟ್ಟವಳು ಆ ಮುದುಕಿಯೇ. ಶ್ರಾದ್ಧದ ಹಿಂದಿನ ದಿನ ಅವಳು ಬಂದು, ಯಾರೂ ಹೇಳದೆಯೇ ಒಂದು ಎಲೆಯನ್ನು ಕಿತ್ತು ಅಂಗೈಯಲ್ಲಿ ಹೊಸಕಿ ನೋಡಿಕೊಂಡಳು. "ಈಗ ಸರಿ ಮೇಷ್ಟ್ರೇ" ಎಂದಳು. ನಾನು ಪಡೆದ ಪರೀಕ್ಷೆಗಳಲ್ಲಿ ಅಷ್ಟು ಸಂತೋಷವನ್ನು ಕೊಟ್ಟದ್ದು ಬೇರೊಂದಿಲ್ಲ.

ಈಗ ಸಂಜೆಯ ಹೊತ್ತು ನೆರೆಯ ನಾಲ್ಕಾರು ಮಕ್ಕಳು ಅಮರವನ್ನು ಹೇಳಿಸಿಕೊಳ್ಳಲು ಬರುವರು. ವನೌಷಧಿವರ್ಗವು ಬಂದಾಗ ಮೊದಲು ಅವರನ್ನು ಬಾವಿಕಟ್ಟೆಗೆ ಕರೆದುಕೊಂಡುಹೋಗುವೆನು. ಕೈಗಳೆಲ್ಲ ಕಪ್ಪಾದ ಮೇಲೆ ಹೆಸರನ್ನು ಹೇಳಿಕೊಡುವೆನು. ವಾಚಕರಲ್ಲಿ ನನ್ನ ಪ್ರಾರ್ಥನೆಯೂ ಇಷ್ಟೆ. ಈ ಮಳೆಗಾಲದಲ್ಲಿ ಒಂದು ಅಗಲವಾದ ಕುಂಡದಲ್ಲಿ ಗರಗವನ್ನು ನಡಿರಿ. ಮನೆಯಲ್ಲಿ ಹಿರಿಯರಿದ್ದರೆ, ಹಿತ್ತಿಲನ್ನು ಚೊಕ್ಕಟಮಾಡಿಸುವ ಮೊದಲು ಅವರನ್ನು ಕೈಹಿಡಿದು ಒಂದು ಸಲ ಅಲ್ಲಿಗೆ ಕರೆದುಕೊಂಡುಹೋಗಿ, ಯಾವುದು ಏನೆಂದು ಕೇಳಿರಿ.

ಮುಂದಿನ ಸಂಚಿಕೆಯಲ್ಲಿ ಒಂದೆಲಗದ ವಿಷಯವನ್ನು ಅರಿಕೆಮಾಡಿಕೊಳ್ಳುವೆನು.